ಪೆಟ್ಟಿಗೆಯಲ್ಲಿ ಮಲಗಿ ಬಂದ ತಮ್ಮ

ನನ್ನ ತಮ್ಮ ಆಫ್ರಿಕಾದ ಲುಸಾಕಾ ಎಂಬ ಊರಿನಲ್ಲಿ ಬೋರ್‌ವೆಲ್ ಲಾರಿಗಳ ಮೆಕ್ಯಾನಿಕ್ ಆಗಿದ್ದ. ಮದುವೆ ಮಾಡಿಕೊಳ್ಳಲಿಲ್ಲ. ರಜೆಗೆ ಬಂದರೆ ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲೇ ಇರುತ್ತಿದ್ದ. ನಮ್ಮ ಅವ್ವನೂ ನನ್ನ ಜೊತೆಯಲ್ಲೇ ಇದ್ದಳು.

ಊಟಕ್ಕೆ ಕೂತರೆ ಅವನಿಗೆ ವಿಮಾನದ ದಾರಿಯದೇ ಮಾತು. ಲುಸಾಕಾದಲ್ಲಿ ಸಣ್ಣ ವಿಮಾನ ಹತ್ತಬೇಕು, ಜೋಹಾನ್ಸ್‌ಬರ್ಗ್‌ನಲ್ಲಿ ಇಳಿಯಬೇಕು. ಅಲ್ಲಿಂದ ದೊಡ್ಡದು, ಸಮುದ್ರದ ಮೇಲೆ ಮುಂಬಯಿವರೆಗೆ. ಮುಂಬಯಿಯಿಂದ ಬೆಂಗಳೂರಿಗೆ ಇನ್ನೊಂದು.

"ಮ್ಯಾಪಲ್ಲಿ ಆ ಊರಿಂದ ಈ ಊರಿಗೆ ನೆಟ್ಟಗೆ ಗೆರೆ ಎಳೀಬಹುದು ಅಕ್ಕ. ಆ ಗೆರೆ ಮೇಲೆ ಯಾವ ವಿಮಾನಾನೂ ಹಾರಲ್ಲ."

ನಾನು ಮ್ಯಾಪು ನೋಡಿದವಳಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. "ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿದಂಗೆ ತಾನೇ?" ಅಂದೆ.

"ಹಂಗೇ ಅನ್ಕೊ. ಮೆಜೆಸ್ಟಿಕ್‌ನಲ್ಲಿ ಇಡೀ ದಿನ ಬೆಂಚಿನ ಮೇಲೆ ಬಿದ್ಕೊಂಡಿರ್ಬೇಕು, ಅಷ್ಟೇ."

ಒಂದು ಬೆಳಿಗ್ಗೆ ನನ್ನ ಅಳಿಯ ಬಂದು, ಲುಸಾಕಾದಲ್ಲಿ ತಮ್ಮ ಹೋದ ಅಂದರು. ಎದೆನೋವು ಬಂದಿತ್ತಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ನಾನು ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ. ಅಳು ಬರುತ್ತದೆ ಎಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಬರಲಿಲ್ಲ. ಹಿಟ್ಟು ಒಣಗುತ್ತಿತ್ತು, ರೊಟ್ಟಿ ತಟ್ಟಿ ಮುಗಿಸಿದೆ.

ಅವ್ವನಿಗೆ ಹೇಳಿದೆ. ಅವಳು ಆಗಲೇ ಹಾಸಿಗೆ ಹಿಡಿದಿದ್ದಳು. ಒಂದೇ ಮಾತು ಹೇಳಿದಳು: "ಅವನ್ನ ಕೂರಿಸ್ಬೇಕು ಕಣೇ. ನಿಮ್ಮಪ್ಪನ್ನ ಕೂರಿಸಿದಂಗೆ."

ನಾವು ಲಿಂಗಾಯತರು. ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಚಕ್ಕಂಬಕ್ಕಳ ಹಾಕಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತೇವೆ. ಅದಕ್ಕೆ ಉಸಿರು ನಿಂತ ಕೂಡಲೇ ಕಾಲು ಮಡಚಿ, ಗೋಡೆಗೆ ಒರಗಿಸಿ ಕಟ್ಟಬೇಕು. ತಡವಾದರೆ ಮೈ ಸೆಟೆದುಕೊಳ್ಳುತ್ತದೆ. ನನ್ನ ಗಂಡನ ಕಾಲನ್ನು ನಾನೇ ಹಿಡಿದು ಮಡಚಿದ್ದೆ.

ಅಳಿಯ ದಿನವೂ ಲುಸಾಕಾಕ್ಕೆ ಫೋನು ಮಾಡಿ ವಿಚಾರಿಸುತ್ತಿದ್ದರು. "ಅಲ್ಲಿಂದ ಹೊರಡೋ ಸಣ್ಣ ವಿಮಾನದಲ್ಲಿ ಪೆಟ್ಟಿಗೆ ಹಿಡಿಸಲ್ವಂತೆ ಅತ್ತೆ. ದೊಡ್ಡದು ಬರೋ ದಿನಕ್ಕೆ ಕಾಯ್ಬೇಕಂತೆ."

"ಬದುಕಿದ್ದಾಗ ಅದರಲ್ಲೇ ಬರ್ತಿದ್ನಲ್ಲ?"

"ಆಗ ಸೀಟಲ್ಲಿ ಕೂತ್ಕೊಂಡು ಬರ್ತಿದ್ರು ಅತ್ತೆ."

"ಈಗ್ಲೂ ಕೂರಿಸೇ ಕಳಿಸೋಕೆ ಹೇಳಿ."

ಅಳಿಯ ನನ್ನ ಮುಖ ನೋಡಿದರು. ನಾನೇನೂ ತಮಾಷೆಗೆ ಹೇಳಿರಲಿಲ್ಲ. ಪಾಪ, ಫೋನು ಮಾಡಿ ಕೇಳಿಯೂ ಕೇಳಿದರು. ಹೋದ ದಿನವೇ ಮೈ ಕೆಡದ ಹಾಗೆ ಔಷಧಿ ಹಾಕಿ, ನೆಟ್ಟಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಇಟ್ಟಾಗಿದೆ ಎಂದರಂತೆ. ಮಣ್ಣು ಮಾಡಿಸುವ ಅಯ್ನೋರು ಮಾತ್ರ ಧೈರ್ಯ ಹೇಳಿದರು. "ಐಸಲ್ಲಿ ಇದ್ದಿದ್ದು, ಇಲ್ಲಿ ಬಿಸಿಲಿಗೆ ಸಡಿಲ ಆಗ್ತದೆ ತಾಯಿ. ಕೂರಿಸೋಣ." ಎಲ್ಲರೂ ಹೂಂ ಅಂದರು. ಕೂರುವ ಅಳತೆಗೇ ಗುಂಡಿ ತೋಡಿಸಿದರು.

ಅವನು ಬರುತ್ತಿದ್ದ ದಾರಿಯಲ್ಲೇ ಪೆಟ್ಟಿಗೆಯೂ ಬಂತು. ಅವನಾದರೆ ಒಂದರಿಂದ ಇಳಿದು ಇನ್ನೊಂದಕ್ಕೆ ತಾನೇ ನಡೆದು ಹೋಗುತ್ತಿದ್ದ. ಪೆಟ್ಟಿಗೆಗೆ ಪ್ರತಿ ಊರಿನಲ್ಲೂ ಯಾರಾದರೂ ಸಹಿ ಹಾಕಬೇಕು, ಯಾರಾದರೂ ಎತ್ತಬೇಕು. ಆಗ ಏರ್‌ಪೋರ್ಟು ಊರೊಳಗೇ ಇತ್ತು. ಜನ ಹಾರ ಹಿಡಿದು ನಿಲ್ಲುವ ಬಾಗಿಲಿನಲ್ಲಿ ಅವನು ಬರಲಿಲ್ಲ. ಹಿಂದುಗಡೆ, ಹಣ್ಣಿನ ಡಬ್ಬ, ಮಿಷನ್ನು ಇಳಿಸುವ ಗೋಡೌನಿನಿಂದ ಕೊಟ್ಟರು. ಅಲ್ಲಿಂದ ನೇರ ರುದ್ರಭೂಮಿಗೆ ತಂದೆವು.

ಮುಚ್ಚಳ ತೆಗೆದರು. ಅವನೇ. ಮುಖ ಸ್ವಲ್ಪ ಊದಿತ್ತು. ಔಷಧಿ ವಾಸನೆ. ಮಂಡಿ ಹಿಡಿದು ಇಬ್ಬರು ಒತ್ತಿದರು, ಬಗ್ಗಲಿಲ್ಲ. ಬಿಸಿಲಿನಲ್ಲಿ ಇಟ್ಟು ಕಾದು ಇನ್ನೊಮ್ಮೆ ಒತ್ತಿದರು. ಮರದ ತೊಲೆಯ ಹಾಗೆ ಇದ್ದ.

ನೆಂಟರಲ್ಲಿ ಒಬ್ಬ ನನ್ನ ಕಿವಿಯ ಹತ್ತಿರ ಬಂದ. "ಮಂಡಿ ಹಿಂದೆ ನರ ಕತ್ತರಿಸಿದ್ರೆ ಬಗ್ತದೆ ದೊಡ್ಡಮ್ಮ. ನಮ್ ಕಡೆ ಮಾಡ್ತಾರೆ."

"ಮೊದ್ಲು ನಿಂದು ಕತ್ತರಿಸಿ ನೋಡೋಣ, ಬಾ" ಅಂದೆ. ಅವನು ಆಚೆ ಹೋದ.

ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. ಅವ್ವನ ಮಾತು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನಗೆ ಆಗ ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಾಯಿ ಒಣಗಿತ್ತು, ಅಷ್ಟೇ.

"ಮಲಗಿಸಿ" ಅಂದೆ.

ಅಯ್ನೋರು ಮೆಲ್ಲಗೆ ಹೇಳಿದರು, "ತಾಯಿ, ಗುಂಡಿ ಕೂರಿಸೋಕೆ ತೋಡಿರೋದು. ಉದ್ದ ಸಾಲಲ್ಲ."

"ಹಂಗಾದ್ರೆ ಉದ್ದ ತೋಡ್ಸಿ. ಇಷ್ಟು ದಿನ ಕಾದಿದ್ದಾನೆ, ಇನ್ನೊಂದು ಗಳಿಗೆ ಕಾಯ್ತಾನೆ."

ಗುಂಡಿ ತೋಡುವವನು ಬೈದುಕೊಂಡೇ ಮತ್ತೆ ಇಳಿದ. ನಾವು ಹುಣಸೆಮರದ ನೆರಳಿನಲ್ಲಿ ನಿಂತೆವು. ಯಾರೋ ಕಾಫಿ ತಂದುಕೊಟ್ಟರು, ಕುಡಿದೆ. ಆಮೇಲೆ ಅವನ ಹಣೆಗೆ ವಿಭೂತಿ ಬಳಿದರು. ಬೆರಳು ಬಿಡಿಸಲು ಆಗಲಿಲ್ಲ, ಲಿಂಗವನ್ನು ಎಡಗೈಗೆ ಸೇರಿಸಿ ದಾರದಲ್ಲಿ ಕಟ್ಟಿದರು. ಬಿಲ್ವಪತ್ರೆ ಹಾಕಿದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ.

ಮನೆಗೆ ಬರುವಾಗ ಅಳಿಯ, "ಅಜ್ಜಿಗೆ ಕೂರಿಸಿದ್ವಿ ಅಂತ ಹೇಳ್ಬಿಡಿ ಅತ್ತೆ, ನೆಮ್ಮದಿಯಾಗಿರ್ತಾರೆ" ಅಂದರು.

ತಲೆಗೆ ನೀರು ಹಾಕಿಕೊಂಡು ಅವ್ವನ ಹತ್ತಿರ ಹೋದೆ.

"ಕೂರಿಸಿದ್ರಾ?"

"ಇಲ್ಲವ್ವ. ಬಗ್ಗಲಿಲ್ಲ. ಮಲಗಿಸಿದ್ವಿ."

"ಲಿಂಗ?"

"ಕೈಯಲ್ಲೇ ಇಟ್ವಿ."

ಅವಳು ಸೂರು ನೋಡುತ್ತಾ ಮಲಗಿದ್ದಳು. ಅವಳ ಕಣ್ಣಲ್ಲೂ ನೀರಿರಲಿಲ್ಲ. ನನ್ನ ಮಣಿಕಟ್ಟು ಹಿಡಿದಳು.

"ನಾನು ಹೋದಾಗ ಯಾರಾದ್ರೂ ಬರ್ಲಿ ಅಂತ ಕಾಯ್ಬೇಡ. ಉಸಿರು ನಿಂತ ತಕ್ಷಣ ಕಾಲು ಮಡಚಿ ಕಟ್ಬಿಡು. ಅಳ್ತಾ ನಿಂತ್ಕೋಬೇಡ."

"ಆಯ್ತವ್ವ" ಅಂದೆ.

ಅವಳ ಮಂಡಿಗಳು ಮಡಚುವುದನ್ನು ಬಿಟ್ಟು ಆಗಲೇ ಬಹಳ ಕಾಲವಾಗಿತ್ತು. ದಿನವೂ ಮೈ ಒರೆಸುತ್ತಿದ್ದವಳು ನಾನು, ನನಗೆ ಗೊತ್ತಿತ್ತು. ಅದನ್ನು ಮಾತ್ರ ಹೇಳಲಿಲ್ಲ.