ಮುಳ್ಳಿಗೆ ನಾನು ಆರಿಸಿದ ಪುಡಿ

2012ರಲ್ಲಿ ನಾನು ಟಿ. ದಾಸರಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಚಾರ್ಜ್ ಆಗಿದ್ದೆ. ವಾಚ್ ಕಂಪನಿಗಳಿಗೆ ಡಯಲ್ ಮತ್ತು ಮುಳ್ಳುಗಳನ್ನು ಮಾಡಿಕೊಡುವುದು ನಮ್ಮ ಕಸುಬು. ಕತ್ತಲಲ್ಲಿ ಹೊಳೆಯುವ ಬಣ್ಣವನ್ನು ಆರಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಜನ ಅದನ್ನು ಈಗಲೂ ‘ರೇಡಿಯಂ’ ಎನ್ನುತ್ತಾರೆ, ಆದರೆ ನಾವು ಬಳಸುತ್ತಿದ್ದದ್ದು ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿ. ಅದು ಬೆಳಕನ್ನು ಹೀರಿಟ್ಟುಕೊಂಡು ಕತ್ತಲಲ್ಲಿ ನಿಧಾನವಾಗಿ ಬಿಡುತ್ತದೆ. ಕಾಳು ದಪ್ಪವಿದ್ದರೆ ಹೊಳಪು ಹೆಚ್ಚು ಹೊತ್ತು ನಿಲ್ಲುತ್ತದೆ, ನುಣ್ಣಗಿದ್ದರೆ ಬೇಗ ಮಂಕಾಗುತ್ತದೆ.

ಆ ವರ್ಷ ರಾತ್ರಿ ಪಾಳಿಯ ಕಾವಲುಗಾರರಿಗೆಂದು ತಯಾರಾಗುತ್ತಿದ್ದ ವಾಚಿನ ಆರ್ಡರ್ ಬಂತು. ಡಯಲಿನ ಅಂಕಿಗಳಿಗೆ ದಪ್ಪ ಪುಡಿ ಸರಿಹೋಯಿತು. ಮುಳ್ಳಿನ ಸೀಳು ಮಾತ್ರ ತೀರ ಕಿರಿದು, ಪುಡಿಯನ್ನು ಅಂಟಿನಲ್ಲಿ ಕಲಸಿದ ಪೇಸ್ಟನ್ನು ಅದಕ್ಕೆ ತುಂಬುವ ಸೂಜಿಯಲ್ಲಿ ದಪ್ಪ ಕಾಳು ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಮುಳ್ಳಿಗೆ ನುಣ್ಣನೆಯ ಪುಡಿ ಆರಿಸಿದೆ. ಡಯಲ್, ಮುಳ್ಳು ಎರಡನ್ನೂ ಟ್ಯೂಬ್‌ಲೈಟಿನ ಕೆಳಗಿಟ್ಟು, ಡಾರ್ಕ್ ರೂಮಿಗೆ ಒಯ್ದು ಹತ್ತು ನಿಮಿಷ ನೋಡಿದೆ. ಎರಡೂ ಒಂದೇ ಸಮ ಹಸಿರಾಗಿ ಹೊಳೆದವು. ಆರು ಗಂಟೆ ಬಿಟ್ಟು ಮತ್ತೆ ನೋಡಬೇಕೆಂಬುದು ನಮ್ಮಲ್ಲಿದ್ದ ನಿಯಮ. ಡಿಸ್ಪ್ಯಾಚ್‌ನವರು ತಲೆ ಮೇಲೆ ಕೂತಿದ್ದರು, ನಾನು ನೋಡಲಿಲ್ಲ.

ಮುಳ್ಳು ತುಂಬುತ್ತಿದ್ದವರು ಮುಮ್ತಾಜಮ್ಮ. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಹದಿನಾಲ್ಕು ವರ್ಷ ಪಳಗಿದ ಕೈ. ಗಂಡ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿದ್ದುದು ಈ ಕೆಲಸದಿಂದಲೇ. ಬೆಳಿಗ್ಗೆ ಒಂದು ಡಯಲ್, ಒಂದು ಮುಳ್ಳು ಡ್ರಾಯರಿಗೆ ಹಾಕಿಟ್ಟು, ಸಂಜೆ ಮನೆಗೆ ಹೊರಡುವ ಮುನ್ನ ಸೆರಗು ಮರೆಮಾಡಿ ಇಣುಕುವುದು ಅವರ ಅಭ್ಯಾಸ. ಯಾರೂ ಹೇಳಿಕೊಟ್ಟಿದ್ದಲ್ಲ.

“ಸಾರ್, ಡಯಲ್ ಚೆನ್ನಾಗ್ ಕಾಣುತ್ತೆ, ಮುಳ್ಳೇ ಸತ್ತೋಗುತ್ತೆ. ಒಂದ್ಸಲ ನೋಡಿ” ಎಂದರು.

“ಒಣಗಿದ್ಮೇಲೆ ಸರಿಹೋಗುತ್ತೆ, ನೀವು ತುಂಬಿ” ಎಂದೆ. ಡಿಗ್ರಿ ಇದ್ದವನ ಕೊಬ್ಬು, ಇನ್ನೇನು.

ಮೂರು ತಿಂಗಳಿಗೆ ವಾಚುಗಳು ವಾಪಸ್ ಬಂದವು. ಬೆಳಗಿನ ಜಾವಕ್ಕೆ ಹನ್ನೆರಡೂ ಅಂಕಿ ಕಾಣುತ್ತವೆ, ಮುಳ್ಳು ಕಾಣುವುದಿಲ್ಲ ಎಂಬುದು ದೂರು. ಮುಳ್ಳಿನಲ್ಲಿ ಪೇಸ್ಟ್ ತೆಳ್ಳಗಾದರೂ ಹೀಗೇ ಆಗುತ್ತದೆ. ಮಾಲೀಕರು ಬ್ಯಾಚ್ ಕಾರ್ಡ್ ತರಿಸಿದರು. ಅದರಲ್ಲಿ ತುಂಬಿದವರ ಸಹಿಗೆ ಜಾಗವಿತ್ತು, ಪುಡಿ ಆರಿಸಿದವರ ಸಹಿಗೆ ಇರಲಿಲ್ಲ. ಮುಮ್ತಾಜಮ್ಮನನ್ನು ಕರೆಸಿ ನನ್ನ ಪಕ್ಕದಲ್ಲೇ ನಿಲ್ಲಿಸಿದರು.

“ತೆಳ್ಳಗೆ ತುಂಬಿದಾರೇನ್ರೀ?” ಎಂದು ನನ್ನನ್ನು ಕೇಳಿದರು.

ಮುಮ್ತಾಜಮ್ಮ ನನ್ನತ್ತ ನೋಡಿದರು. ಪುಡಿ ನನ್ನ ಆಯ್ಕೆ, ಪರೀಕ್ಷೆ ಅರ್ಧಕ್ಕೆ ಬಿಟ್ಟವನು ನಾನು ಎನ್ನಲು ಬಾಯಿ ಬರಲಿಲ್ಲ. “ಇರಬಹುದು ಸಾರ್” ಎಂದೆ. ಆಕೆ ವಾದ ಮಾಡಲಿಲ್ಲ. ಮರುದಿನದಿಂದ ಬರಬೇಡಿ ಎಂದು ಮಾಲೀಕರು ಅವರಿಗೆ ಹೇಳಿಸಿದರು.

ಅದೇ ವಾರ ಆ ಮುಳ್ಳುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದರಲ್ಲೂ ಪೇಸ್ಟ್ ಕಡಿಮೆ ಇರಲಿಲ್ಲ, ಅಂಚಿನಿಂದ ಅಂಚಿಗೆ ತುಂಬಿತ್ತು. ಆದರೂ ಮಾಲೀಕರಿಗೆ ನಿಜ ಹೇಳಲು ನನಗೆ ಇನ್ನೂ ಎರಡು ತಿಂಗಳು ಬೇಕಾಯಿತು. ಕೆಲಸ ಹೋದೀತೆಂಬ ಹೆದರಿಕೆ, ಬೇರೇನೂ ಅಲ್ಲ. ಅವರು ಬೈಯಲೂ ಇಲ್ಲ. “ಹೋಗಿ ಕರ್ಕೊಂಡ್ ಬನ್ನಿ” ಎಂದರಷ್ಟೇ.

ಮುಮ್ತಾಜಮ್ಮನ ಮನೆ ಹುಡುಕಿಕೊಂಡು ಹೋದೆ. ಅಷ್ಟರಲ್ಲಿ ಅವರು ಪೀಣ್ಯದ ನಾಲ್ಕು ಕಡೆ ಕೆಲಸ ಕೇಳಿದ್ದರು. ಈ ಕಸುಬಿನವರೆಲ್ಲ ಒಬ್ಬರಿಗೊಬ್ಬರು ಗೊತ್ತು. ತೆಳ್ಳಗೆ ತುಂಬಿ ಸಿಕ್ಕಿಬಿದ್ದವರು ಎಂಬ ಮಾತು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಈಗ ಒಂದು ಗಾರ್ಮೆಂಟ್ಸ್‌ನಲ್ಲಿ ಬಟ್ಟೆಯ ದಾರ ಕತ್ತರಿಸುತ್ತಿದ್ದರು. ತಪ್ಪು ನನ್ನದು, ಮಾಲೀಕರಿಗೂ ಹೇಳಿದ್ದೇನೆ, ಬನ್ನಿ ಎಂದೆ.

“ಮಾಲೀಕ್ರಿಗೆ ಗೊತ್ತಿರ್ಲಿಲ್ಲ ಸಾರ್, ಅವ್ರ ಮೇಲೆ ಬೇಜಾರಿಲ್ಲ. ನಿಮಗ್ ಗೊತ್ತಿತ್ತು. ನಾಳೆ ಇನ್ನೊಂದ್ ಬ್ಯಾಚ್ ವಾಪಸ್ ಬಂದ್ರೆ ನಿಮ್ ಪಕ್ಕ ಹೆಂಗ್ ನಿಂತ್ಕೊಳ್ಳಿ ನಾನು?”

ಚಹಾ ಕೊಟ್ಟರು. ಕುಡಿದು ಎದ್ದು ಬಂದೆ.

ಆಮೇಲೆ ಹಲವು ಹೊಸಬರಿಗೆ ಪುಡಿ ಆರಿಸುವುದನ್ನು ಕಲಿಸಿದೆ. ಅದು ಕಷ್ಟದ ವಿದ್ಯೆಯಲ್ಲ, ತಾಳ್ಮೆ ಇದ್ದರೆ ಸಾಕು. ನನಗೆ ಈ ಕೆಲಸ ಕಲಿಸಿದ್ದು ಬೇರೆ. ನಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಮೊದಲೇ ಒಪ್ಪಿಕೊಳ್ಳಬೇಕು. ತಡವಾಗಿ ಒಪ್ಪಿಕೊಂಡದ್ದರಿಂದ ನನ್ನ ಮನಸ್ಸು ಅಷ್ಟಿಷ್ಟು ಹಗುರಾಯಿತು. ಮುಮ್ತಾಜಮ್ಮ ಮಾತ್ರ 2019ರಲ್ಲಿ ನಾನು ನಿವೃತ್ತನಾಗುವವರೆಗೂ ಮತ್ತೆ ಮುಳ್ಳು ತುಂಬುವ ಸೂಜಿ ಹಿಡಿಯಲಿಲ್ಲ.