ಗೂಳೂರಿನವನ ದನಿಯಲ್ಲಿ ಒಂದು ವೋಟು

ಕುಣಿಗಲ್ಲಿನ ಅವನು ಮುದ್ದೆ ಮುರಿಯುವುದನ್ನು ಕಂಡರೂ ನನಗೆ ಹೊಟ್ಟೆ ಉರಿಯುತ್ತಿತ್ತು. ತುಮಕೂರಿನ ಹಾಸ್ಟೆಲಿನಲ್ಲಿ ಅವನು ನನ್ನ ರೂಮ್‌ಮೇಟ್. ಪ್ಯಾಂಟನ್ನು ಮಡಿಸಿ ದಿಂಬಿನಡಿ ಇಟ್ಟು ಮಲಗಿದರೆ ಬೆಳಿಗ್ಗೆ ಅವನದು ಇಸ್ತ್ರಿ ಆಗಿರುತ್ತಿತ್ತು, ನನ್ನದು ಹಪ್ಪಳ. ಅಡುಗೆ ಭಟ್ಟರು ಉಗ್ರಾಣದ ಬೀಗದ ಕೈಯನ್ನು ಅವನಿಗೆ ಒಪ್ಪಿಸಿ ಊರಿಗೆ ಹೋಗುತ್ತಿದ್ದರು. ನನ್ನ ಕೈಗೆ ಉಪ್ಪಿನ ಡಬ್ಬಿ ಕೊಟ್ಟರೂ ಅದರ ಮೇಲೊಂದು ಕಣ್ಣಿಟ್ಟಿರುತ್ತಿದ್ದರು.

ತಪ್ಪು ನನ್ನದೇ. ಗುಬ್ಬಿಯಿಂದ ಬಂದ ಮೊದಲ ವಾರವೇ ಭಟ್ಟರ ದನಿಯಲ್ಲಿ ‘ಊಟಕ್ಕೆ ಬನ್ರಪ್ಪೋ’ ಎಂದು ಕೂಗಿ, ಬೇಯದ ಅನ್ನದ ಮುಂದೆ ಇಡೀ ಹಾಸ್ಟೆಲನ್ನು ತಟ್ಟೆ ಹಿಡಿಸಿ ನಿಲ್ಲಿಸಿದ್ದೆ. ವಾರ್ಡನ್, ಬಸ್ಸಿನ ಕಂಡಕ್ಟರ್, ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಮನೆ ಮಾಲೀಕನ ದನಿ ಹೇಗಿದೆಯೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಮೆಸ್ ಸೆಕ್ರೆಟರಿ ಚುನಾವಣೆಗೆ ಅವನು ನಿಂತ. ಅವನು ನಿಂತನಲ್ಲ ಎಂದು ನಾನೂ ನಿಂತೆ. ಬೇರೆ ಕಾರಣವಿರಲಿಲ್ಲ. ವಾರ್ಡನ್ ಹೊಸದೊಂದು ಕಾನೂನು ಮಾಡಿದರು: ಊರಿಗೆ ಹೋದವರು ಫೋನ್ ಮಾಡಿ ತಮ್ಮ ವೋಟು ಹೇಳಬಹುದು, ವಾರ್ಡನ್ನೇ ಬರೆದುಕೊಂಡು ಎಣಿಕೆಯ ಹೊತ್ತಿಗೆ ಎಲ್ಲರೆದುರು ಓದುತ್ತಾರೆ. ಗೂಳೂರಿನ ಹುಡುಗನೊಬ್ಬ ಅಕ್ಕನ ಮದುವೆಗೆ ಹೋಗಿದ್ದ. ನನ್ನ ರೂಮ್‌ಮೇಟಿನ ಜೀವದ ಗೆಳೆಯ. ಅವನ ವೋಟು ಯಾರಿಗೆಂದು ಗೋಡೆಗೂ ಗೊತ್ತಿತ್ತು.

ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲಿನ ಎದುರಿನ ಎಸ್‌ಟಿಡಿ ಬೂತಿಗೆ ಹೊಕ್ಕೆ. ಗೂಳೂರಿನವನದು ಮೂಗಿನಲ್ಲಿ ಬರುವ ಮಾತು, ಪ್ರತಿ ಮಾತಿಗೂ ‘ಏನಂದ್ರೆ ಸಾರ್’ ಎಂಬ ಮುನ್ನುಡಿ.

“ಏನಂದ್ರೆ ಸಾರ್, ನಾನು ಗೂಳೂರಿಂದ. ನನ್ ವೋಟು ಗುಬ್ಬಿಯವನಿಗೆ ಬರ್ಕೊಳಿ ಸಾರ್.”

“ಆಯ್ತು. ಮದುವೆ ಹೆಂಗ್ ನಡೀತಿದೆಯೋ?”

“ಏನಂದ್ರೆ ಸಾರ್, ಓಲಗದೋರೇ ಇನ್ನೂ ಬಂದಿಲ್ಲ.”

ಆ ಓಲಗದವರ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದದ್ದು.

ಒಂದೇ ವೋಟಿನಿಂದ ಗೆದ್ದೆ. ಅಭಿನಂದಿಸುವ ಬದಲು ವಾರ್ಡನ್ ನನ್ನೊಬ್ಬನನ್ನೇ ತಮ್ಮ ಕೋಣೆಗೆ ಕರೆದು ಕಿವಿ ಹಿಂಡಿದರು. “ನಂಗೇ ಟೋಪಿ ಹಾಕ್ತೀಯೇನ್ಲಾ? ಮಧ್ಯಾಹ್ನ ಗೂಳೂರಿನವನ ಥರ ಫೋನ್ ಮಾಡಿ, ಕುಣಿಗಲ್ಲಿನವನಿಗೆ ವೋಟು ಅಂತೀಯಾ? ಅವನು ಬೆಳಿಗ್ಗೇನೇ ಮಾಡಿದ್ದ ಕಣೋ! ಬೈದು ಇಟ್ಟೆ. ದನೀನೂ ಒಂಚೂರು ಅವನ ಥರ ಇರ್ಲಿಲ್ಲ ಬುಡು.”

ಮಧ್ಯಾಹ್ನ ಫೋನ್ ಮಾಡಿದವನು ಸಾಕ್ಷಾತ್ ಗೂಳೂರಿನವನೇ. ನಾನು ಮಾಡದ ಫೋನಿಗೆ ಕಿವಿ ಹಿಂಡಿಸಿಕೊಂಡು, ಮಾಡಿದ ಫೋನಿನಿಂದ ಬಂದ ಉಗ್ರಾಣದ ಬೀಗದ ಕೈಯನ್ನು ಜೇಬಿಗಿಳಿಸಿಕೊಂಡೆ.

ಆರು ತಿಂಗಳ ಮೇಲೆ ಗುಬ್ಬಿಯ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆ ನಡೆಯಿತು. ವಿಷಯ: ‘ಮನೆಯಲ್ಲೇ ಕುಳಿತು ಇಂಟರ್‌ನೆಟ್ಟಿನಲ್ಲಿ ಮತ ಹಾಕುವಂತಾಗಬೇಕು’. ನಮ್ಮ ಕಡೆಗೆ ವೋಟಿನ ಮೆಷೀನೇ ಆಗಷ್ಟೇ ಬಂದಿತ್ತು. ಅದರ ಗುಂಡಿ ಒತ್ತಲೂ ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ನಮ್ಮ ಕಾಲೇಜಿನಿಂದ ಪರವಾಗಿ ಅವನು, ವಿರೋಧವಾಗಿ ನಾನು. ನನ್ನೂರಿನಲ್ಲಾದರೂ ಅವನಿಗೆ ಮಣ್ಣು ಮುಕ್ಕಿಸಬೇಕೆಂದು ಹೊರಟಿದ್ದೆ.

ಅವನು ಮೈಕಿನ ಮುಂದೆ ಕೈಕಟ್ಟಿ ನಿಂತು ಶುರುಮಾಡಿದ. ಆಸ್ಪತ್ರೆಯಲ್ಲಿ ಮಲಗಿರುವ ತಾಯಿ, ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಪಾಳಿ ಬಿಟ್ಟು ಬರಲಾಗದವನು, ದುಬೈನಲ್ಲಿ ದುಡಿಯುವವನು, ಇವರೇಕೆ ವೋಟು ಕಳೆದುಕೊಳ್ಳಬೇಕು ಎಂದು ಕೇಳಿದ. ಕೊನೆಗೆ ಹೇಳಿದ: “ನಮ್ಮ ಹಾಸ್ಟೆಲಿನಲ್ಲಿ ಊರಿಗೆ ಹೋದವರು ಫೋನಿನಲ್ಲಿ ಮತ ಹಾಕಿದರು. ನಾನು ಒಂದು ಮತದಿಂದ ಸೋತೆ. ಆದರೂ ಆ ಚುನಾವಣೆಯನ್ನು ನಂಬುತ್ತೇನೆ. ಗೆದ್ದವನು ಇಲ್ಲೇ ಕುಳಿತಿದ್ದಾನೆ.”

ಸಭಾಂಗಣ ಚಪ್ಪಾಳೆ ತಟ್ಟಿತು. ಸೋತವನಿಗೆ! ನಾನು ಗೆದ್ದ ದಿನ ಒಬ್ಬನೂ ತಟ್ಟಿರಲಿಲ್ಲ. ಇವನು ಸೋಲುವುದರಲ್ಲೂ ಫಸ್ಟ್ ಕ್ಲಾಸು.

ವೈರಸ್ಸು, ಪಾಸ್‌ವರ್ಡ್ ಎಂದು ಬಾಯಿಪಾಠ ಮಾಡಿದ್ದ ಚೀಟಿಯನ್ನು ಜೇಬಿನಲ್ಲೇ ಬಿಟ್ಟೆ. ಅವನನ್ನು ಕೆಡವಲು ನನ್ನ ಹತ್ತಿರ ಇದ್ದದ್ದು ಒಂದೇ ಅಸ್ತ್ರ, ಅದು ನನ್ನ ಕಳ್ಳತನ. “ತಂತಿಯ ಆ ತುದಿಯಲ್ಲಿ ಯಾರಿದ್ದಾರೆಂದು ನೋಡಿದವರ್ಯಾರು?” ಎಂದು ಕೇಳಿ, ಮೂಗು ಹಿಡಿದು, ವಾರ್ಡನ್ ಒಬ್ಬರನ್ನೂ ಗೂಳೂರಿನವನೊಬ್ಬನನ್ನೂ ವೇದಿಕೆಗೆ ತಂದೆ. ಓಲಗದವರು ಬಂದಾಗಲಂತೂ ತೀರ್ಪುಗಾರರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ನನಗೇ. “ಎಂಥ ಕಲ್ಪನೆ!” ಎಂದು ಬೆನ್ನು ತಟ್ಟಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ, ಒಬ್ಬರೂ ನಂಬಿರಲಿಲ್ಲ.

ನಗದೆ ಕುಳಿತಿದ್ದವನು ಅವನೊಬ್ಬನೇ.

ವಾಪಸ್ಸು ಬರುವ ಬಸ್ಸಿನಲ್ಲಿ ಷೀಲ್ಡು ನನ್ನ ತೊಡೆಯ ಮೇಲಿತ್ತು. ಅವನು ಕಿಟಕಿಯಾಚೆ ನೋಡುತ್ತಲೇ ಕೇಳಿದ, “ನಿಜಾನಾ?”

“ನಗ್ಸಕ್ಕೆ ಅಂದೆ ಕಣೋ, ಬುಡು.”

“ನಿನ್ ದನೀಲಿ ಹೇಳ್ಲಾ.”

ಆ ದನಿ ಹುಡುಕುವಷ್ಟರಲ್ಲಿ ಬಸ್ಸು ಹೆಗ್ಗೆರೆ ದಾಟಿತು. “ನಿಜ,” ಎಂದೆ.

“ಗೂಳೂರಿನವನು ಹೇಳಿದ್ದ ನಂಗೆ. ಫೋನ್ ಮಾಡ್ದೆ, ವಾರ್ಡನ್ ಬೈದು ಇಟ್ಬುಟ್ರು ಅಂತ. ನಾನ್ ನಂಬ್ಲಿಲ್ಲ. ನಿಂಗೆ ವೋಟ್ ಹಾಕಿ ನನ್ ಮುಂದೆ ಸುಳ್ಳು ಹೇಳ್ತಾವ್ನೆ ಅಂದ್ಕೊಂಡು ಮಾತು ಬಿಟ್ಟೆ. ಆರ್ ತಿಂಗ್ಳಿಂದ ಅವನು ಒಬ್ಬನೇ ಕೂತು ಉಣ್ತಾನೆ.”

“ನನ್ ಮೇಲೆ ಅನುಮಾನ ಬರ್ಲಿಲ್ವೇನ್ಲಾ?”

“ನೀನ್ ರೂಮ್‌ಮೇಟ್ ಅಲ್ವಾ.”

ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಎಲ್ಲರ ಮಾತನ್ನೂ ಆಡಬಲ್ಲ ನನಗೆ ಆ ಒಂದು ಮಾತನ್ನು ಅವನ ಹಾಗೆ ಆಡಲು ಇವತ್ತಿಗೂ ಬಂದಿಲ್ಲ.

ಮಾರನೆಯ ಬೆಳಿಗ್ಗೆ ವಾರ್ಡನ್ ಮುಂದೆ ನಿಂತು ಎಲ್ಲ ಹೇಳಿದೆ. “ಹೋಗ್ಲೇ, ನೀನು ಯಾವ್ ಬಾಯಲ್ಲಿ ಹೇಳಿದ್ರೂ ನಾನ್ ನಂಬಲ್ಲ,” ಎಂದರು. ಬೇರೆ ದಾರಿ ಕಾಣದೆ, ಗೂಳೂರಿನವನನ್ನು ಅವರ ಮೇಜಿನ ಮುಂದೆ ನಿಲ್ಲಿಸಿ, ಪಕ್ಕದಲ್ಲಿ ರೂಮ್‌ಮೇಟನ್ನೂ ನಿಲ್ಲಿಸಿ, ಎದುರಿನ ಬೂತಿಗೆ ಓಡಿ ಫೋನ್ ಮಾಡಿದೆ.

“ಏನಂದ್ರೆ ಸಾರ್, ಓಲಗದೋರೇ ಇನ್ನೂ ಬಂದಿಲ್ಲ.”

ವಾರ್ಡನ್ ಎಲ್ಲರಿಗೂ ಕೇಳುವಂತೆ ರಿಸೀವರನ್ನು ಕಿವಿಯಿಂದ ದೂರ ಹಿಡಿದುಕೊಂಡು ಗೂಳೂರಿನವನ ಮುಚ್ಚಿದ ಬಾಯನ್ನು ನೋಡುತ್ತಿದ್ದರೆಂದು ರೂಮ್‌ಮೇಟ್ ಆಮೇಲೆ ಹೇಳಿದ. ಆ ಹೊತ್ತಿಗೆ ನನಗೆ ಕೇಳಿಸಿದ್ದು ದೂರದಿಂದ ಬಂದ, ಮೂಗಿನ, ತೀರಾ ಸಪ್ಪೆ ದನಿ: “ಏನಂದ್ರೆ ಸಾರ್, ನಾನು ಹಿಂಗಾ ಮಾತಾಡೋದು?”

ಆ ವಾರವೇ ಮತ್ತೆ ಚುನಾವಣೆಯಾಯಿತು. ಫೋನಿಲ್ಲ, ಹೆಸರುಗಳಿದ್ದ ಚೀಟಿಗೆ ರೈಟ್ ಹಾಕಿ, ಮಡಿಸಿ, ತೊಳೆದ ಸಾರಿನ ಡಬರಿಗೆ ಹಾಕುವುದು. ಊರಿಗೆ ಹೋದವರು ಬರುವ ತನಕ ಕಾಯುವುದು. “ನೀನೂ ನಿಲ್ತೀಯೇನ್ಲಾ?” ಎಂದು ವಾರ್ಡನ್ ವ್ಯಂಗ್ಯಕ್ಕೆ ಕೇಳಿದರು. “ನಿಲ್ತೀನಿ ಸಾರ್,” ಎಂದೆ. ನಾಚಿಕೆಯೂ ಒಂದು ದನಿ, ಅದನ್ನು ನಾನಿನ್ನೂ ಕಲಿತಿರಲಿಲ್ಲ.

ನನಗೆ ಬಿದ್ದದ್ದು ಎರಡು ವೋಟು. ಉಳಿದದ್ದೆಲ್ಲ ಅವನಿಗೆ. ಅಂದು ಅವನು ಗೂಳೂರಿನವನ ಪಕ್ಕ ಕೂತು ಉಂಡ. ನಾನು ಎದುರು ಸಾಲಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ: ಒಂದು ನನ್ನದು. ಇನ್ನೊಂದು ಯಾರದು?

ಇಷ್ಟು ವರ್ಷವಾದರೂ ಕೇಳಿಲ್ಲ. ಡಬರಿಗೆ ಬಿದ್ದ ಚೀಟಿಯನ್ನು ಕೇಳಬಾರದು, ಅಷ್ಟು ಕಲಿತಿದ್ದೇನೆ. ಭಿಕ್ಷೆ ಹಾಕಿದವನು ಯಾವನೇ ಆಗಿರಲಿ, ಅವನಿಗೆ ಒಳ್ಳೆಯದಾಗಲಿ. ಆ ಕುಣಿಗಲ್ಲಿನವನು ಮಾತ್ರ ಆಗಿರದಿದ್ದರೆ ಸಾಕು. ನನ್ನನ್ನು ಕ್ಷಮಿಸುವುದರಲ್ಲೂ ಅವನೇ ಎಲ್ಲರಿಗಿಂತ ಮೊದಲೆಂದು ಗೊತ್ತಾದರೆ, ಆ ಉರಿ ಯಾವ ಮಜ್ಜಿಗೆಗೂ ಆರುವುದಲ್ಲ.