ಯಜಮಾನರ ಹಣೆಯ ಕುಂಕುಮ

ಸಿಡ್ನಿಯಲ್ಲಿ ನಾನು ಕೆಲಸ ಮಾಡುವುದು ಸತ್ತು ನೂರು ವರ್ಷ ದಾಟಿದ ದೊಡ್ಡ ಮನುಷ್ಯರೊಬ್ಬರ ಬಂಗಲೆಯಲ್ಲಿ. ಆಸ್ಟ್ರೇಲಿಯಾ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ಬ್ಯಾಂಕು ನಡೆಸಿದವರು, ಶಾಸನಸಭೆಯಲ್ಲೂ ಕೂತವರು. ಅಣ್ಣತಮ್ಮಂದಿರು, ಅಳಿಯಂದಿರು ಎಲ್ಲರೂ ಊರಾಳಿದವರೇ. ಈಗ ಆ ಬಂಗಲೆ ಮ್ಯೂಸಿಯಂ. ಹಜಾರದಲ್ಲಿ ಅವರ ಅಮೃತಶಿಲೆಯ ತಲೆಯಿದೆ. ತುಟಿ ಬಿಗಿದು, ಎದುರು ನಿಂತವರೆಲ್ಲ ಸಾಲ ಕೇಳಲು ಬಂದವರೇ ಎಂಬಂತೆ ನೋಡುತ್ತದೆ.

ನನ್ನ ವೀಸಾ ನಿಂತಿದ್ದದ್ದು ಈ ಕೆಲಸದ ಮೇಲೆ. ಇಲ್ಲೇ ಕಾಯಂ ಆಗಿ ಉಳಿಯಲು ಬೇಕಾದ ಪಿಆರ್ ಇನ್ನೂ ಬಂದಿರಲಿಲ್ಲ.

ಮೈಸೂರಿನಿಂದ ಅಮ್ಮ ಬಂದಿದ್ದಳು. ಆಯುಧಪೂಜೆಯ ಬೆಳಿಗ್ಗೆ ಬ್ಲ್ಯಾಕ್‌ಟೌನಿನ ನಮ್ಮ ಮನೆ ಮುಂದೆ ಕಾರಿಗೆ ಪೂಜೆಯಾಯಿತು, ಲ್ಯಾಪ್‌ಟಾಪಿಗೂ ಆಯಿತು. "ನೀನು ಕೆಲಸ ಮಾಡೋ ಜಾಗಾನೂ ತೋರಿಸೇ," ಅಂದಳು. ಕರೆದುಕೊಂಡು ಹೋದೆ. ಒಳಗಿನ ಲೈಟು ಹಾಕಿ ಬರುವಷ್ಟರಲ್ಲಿ ಆ ಅಮೃತಶಿಲೆಯ ಯಜಮಾನರ ಹಣೆಯಲ್ಲಿ ಅರಿಶಿನ, ಅದರ ಮೇಲೆ ಕಾಸಗಲ ಕುಂಕುಮ!

"ಅಯ್ಯೋ, ಏನಮ್ಮಾ ಮಾಡ್ದೆ!"

"ಯಾಕೇ ಕಿರುಚ್ತೀಯ? ನಿನಗೆ ಅನ್ನ ಹಾಕ್ತಿರೋ ಯಜಮಾನ್ರು. ಹಬ್ಬದ ದಿನ ಬೋಳು ಹಣೇಲಿ ಇರಬೇಕಾ?"

ಗಾಬರಿಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆ. ಅದೇ ಎಡವಟ್ಟಾಯಿತು. ಕೆಂಪು ಹುಬ್ಬಿನವರೆಗೆ ಹರಡಿ ಕಲ್ಲಿನೊಳಕ್ಕೆ ಇಳಿಯಿತು.

ಮ್ಯಾನೇಜರ್‌ಗೆ ಹೇಳಿದೆ. ಅವರು ಬೈಯಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು. ತಲೆ ಆ ಮನೆತನದ್ದು, ಮೆಲ್ಬರ್ನಿನಲ್ಲಿರುವ ಮರಿಮಗಳು ಬಂದು ನೋಡಿ ತೀರ್ಮಾನಿಸಲಿ, ನಿನ್ನ ತಾಯಿಯನ್ನೂ ಕರೆದುಕೊಂಡು ಬಾ ಅಂದರು. ಆ ವಾರವೆಲ್ಲ ವೀಸಾ ಪತ್ರಗಳನ್ನೇ ತೆಗೆತೆಗೆದು ಓದಿದೆ. ಅಮ್ಮನಿಗೋ ಸಂಭ್ರಮ: ಯಜಮಾನರ ಮನೆಯವರು ತನ್ನನ್ನು ನೋಡಲು ವಿಮಾನದಲ್ಲಿ ಬರುತ್ತಿದ್ದಾರೆ! ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ರೇಷ್ಮೆ ಸೀರೆ ಉಟ್ಟು, ತಾಂಬೂಲದ ಜೊತೆ ಕೊಡಲು ತೆಂಗಿನಕಾಯಿ ಹಿಡಿದು ಹೊರಟಳು.

ಮರಿಮಗಳು ಎಪ್ಪತ್ತು ದಾಟಿದವರು. ಅದೇ ಬಿಗಿದ ತುಟಿ. ಕಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಇದನ್ನು ಸರಿಮಾಡಿಸುತ್ತೇವೆ. ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ. ಆದರೆ ಈಕೆ ಇನ್ನು ಈ ಬಾಗಿಲು ದಾಟಬಾರದು."

"ಏನಂದ್ರು?" ಅಮ್ಮ ಕೇಳಿದಳು.

"ತುಂಬಾ ಸಂತೋಷ ಆಯ್ತಂತಮ್ಮ."

ಅಮ್ಮನ ಮುಖ ಅರಳಿತು. "ಮುಂದಿನ ಹಬ್ಬಕ್ಕೂ ನಾನೇ ಬಂದು ಇಡ್ತೀನಿ ಅಂತ ಹೇಳೇ."

ಮರಿಮಗಳು ನನ್ನ ಮುಖವನ್ನೇ ನೋಡುತ್ತಿದ್ದರು.

"ಕ್ಷಮೆ ಕೇಳುತ್ತಿದ್ದಾರೆ," ಎಂದೆ ಇಂಗ್ಲಿಷಿನಲ್ಲಿ.

ಅಮ್ಮ ನಗುತ್ತ ತೆಂಗಿನಕಾಯಿಯನ್ನು ಮುಂದೆ ಚಾಚಿದಳು.